ಬಚ್ಚಲಿನಿಂದ ಕೆರೆಯವರೆಗೆ: ಕೋಲಾರ ಸೀಮೆಯ ಬಳಸಿದ ನೀರು

ಕೊಡಗಿನ ಬೆಟ್ಟಗಳ ಮೇಲೆ ಸುರಿದ ಮಳೆಯ ಒಂದು ಪಾಲು ಇಂದು ಕೋಲಾರದ ಕೆರೆಗಳಲ್ಲಿ ನಿಂತಿದೆ. ಯಾವ ನದಿಯೂ ಅದನ್ನು ಅಲ್ಲಿಗೆ ಒಯ್ದುದಿಲ್ಲ. ಕಾವೇರಿಯಾಗಿ ಹರಿದ ಆ ನೀರು ತೊರೆಕಾಡನಹಳ್ಳಿಯ ಪಂಪುಗಳಿಗೆ ಸಿಕ್ಕಿ, ಸುಮಾರು ನೂರು ಕಿಲೋಮೀಟರ್ ದೂರ ಕೊಳವೆಯಲ್ಲಿ ಏರಿ ಬೆಂಗಳೂರಿನ ಮನೆಗಳನ್ನು ಸೇರುತ್ತದೆ. ಅಲ್ಲಿ ಮೈ ತೊಳೆದು, ಪಾತ್ರೆ ತೊಳೆದು, ಶೌಚಾಲಯದಿಂದಿಳಿದು ಬೆಳ್ಳಂದೂರು ಕಡೆಯ ಶುದ್ಧೀಕರಣ ಘಟಕಗಳಿಗೆ ಬರುತ್ತದೆ. ಅಲ್ಲಿಂದ ಮತ್ತೊಮ್ಮೆ ಐವತ್ತಕ್ಕೂ ಹೆಚ್ಚು ಕಿಲೋಮೀಟರ್ ಕೊಳವೆಯಲ್ಲಿ ಸಾಗಿ ನರಸಾಪುರದ ಬಳಿಯ ಲಕ್ಷ್ಮೀಸಾಗರ ಕೆರೆಗೆ ಬೀಳುತ್ತದೆ. ಒಂದು ಹನಿ ನೀರು ಎರಡು ಬಾರಿ ವಿದ್ಯುತ್ತಿನ ಬಲದಿಂದ ಬೆಟ್ಟ ಹತ್ತಿದಂತಾಯಿತು.

ಬಂಧುಗಳೇ, ಮಲೆನಾಡಿನ ಸಭೆಯೊಂದರಲ್ಲಿ ಕೋಲಾರದ ಮಾತೇಕೆ ಎಂಬ ಪ್ರಶ್ನೆ ಸಹಜ. ಉತ್ತರ ದೂರವಿಲ್ಲ. ಸಕಲೇಶಪುರದ ಹಳ್ಳಗಳಿಂದ 24 ಟಿಎಂಸಿ ನೀರೆತ್ತುವ ಎತ್ತಿನಹೊಳೆ ಯೋಜನೆಗೆ 2014ರಲ್ಲಿ ಶಂಕುಸ್ಥಾಪನೆಯಾದದ್ದು ಕೋಲಾರ, ಚಿಕ್ಕಬಳ್ಳಾಪುರಗಳ ಬಾಯಾರಿಕೆಯ ಹೆಸರಿನಲ್ಲಿ. ಅದರ ಮೊದಲ ಹಂತದ ಉದ್ಘಾಟನೆ 2024ರ ಸೆಪ್ಟೆಂಬರ್ 6ರಂದು ನಡೆಯಿತು. ಘಟ್ಟದ ಕಾಡು ಕಡಿದು, ಹೊಳೆಯ ಪಾತ್ರ ಬಗೆದು ಕೊಳವೆ ಹೂಳಿದ ಆ ಕೆಲಸವನ್ನು ವಿರೋಧಿಸಿದವರಿಗೆ ಎದುರಾದ ಮೊದಲ ಪ್ರಶ್ನೆಯೇ "ಹಾಗಾದರೆ ಬಯಲುಸೀಮೆಯವರು ಏನು ಕುಡಿಯಬೇಕು?" ಎಂಬುದು. ಅದು ನ್ಯಾಯವಾದ ಪ್ರಶ್ನೆ. ಅದಕ್ಕೆ ಪ್ರಾಮಾಣಿಕ ಉತ್ತರ ಹುಡುಕುವವರು ಕೋಲಾರದ ಕೆರೆಗಳಲ್ಲಿ ಈ ಕೆಲವು ವರ್ಷಗಳಲ್ಲಿ ಏನು ನಡೆದಿದೆ ಎಂಬುದನ್ನು ತಿಳಿಯಲೇಬೇಕು.

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ: ಈ ತಾಲ್ಲೂಕುಗಳ ನೆಲಕ್ಕೆ ವರ್ಷವಿಡೀ ಹರಿಯುವ ನದಿಯಿಲ್ಲ. ಪಾಲಾರ್ ಎಂಬ ಹೆಸರಿದೆ, ಹರಿವಿಲ್ಲ. ವರ್ಷಕ್ಕೆ ಏಳುನೂರು ಮಿಲಿಮೀಟರಿನ ಆಸುಪಾಸು ಬೀಳುವ ಮಳೆಯನ್ನೇ ನೆಚ್ಚಿ ಹಿಂದಿನವರು ಕೆರೆ ಕಟ್ಟಿದರು. 2007ರಲ್ಲಿ ಚಿಕ್ಕಬಳ್ಳಾಪುರ ಬೇರೆಯಾಗುವ ಮುನ್ನ ಕೋಲಾರ ಜಿಲ್ಲೆಯ ಕೆರೆಗಳ ಸಂಖ್ಯೆ ನಾಲ್ಕು ಸಾವಿರ ಮೀರಿತ್ತು. ಒಂದರ ಕೋಡಿ ಇನ್ನೊಂದರ ಅಂಗಳಕ್ಕೆ ಇಳಿಯುವ ಸರಪಳಿ. ತೂಬು ತೆರೆಯಲು, ಗದ್ದೆಗದ್ದೆಗೆ ನೀರು ಹಂಚಲು ನೀರುಗಂಟಿ. ತೆರೆದ ಬಾವಿಗಳು ಬತ್ತಿ ಕೊಳವೆಬಾವಿ ಬಂದ ಮೇಲೆ ನೀರುಗಂಟಿಗೆ ಕೆಲಸವಿಲ್ಲದಾಯಿತು. ಕೆರೆ ಅಂಗಳದಲ್ಲಿ ಜಾಲಿ ಬೆಳೆಯಿತು, ನೀಲಗಿರಿ ನಿಂತಿತು. ಮಾಲೂರು ಕಡೆ ಇಟ್ಟಿಗೆ ಗೂಡುಗಳಿಗೆ ಮಣ್ಣು ಹೋಯಿತು. ಕೊಳವೆಬಾವಿ ಸಾವಿರ ಅಡಿ ದಾಟಿ ಇಳಿಯಿತು. ಆಳದ ಕಲ್ಲಿನಿಂದ ನೀರಿನೊಡನೆ ಫ್ಲೋರೈಡ್ ಬಂತು; ಲೀಟರಿಗೆ ಒಂದೂವರೆ ಮಿಲಿಗ್ರಾಂ ಮೀರಿದರೆ ಕುಡಿಯಲು ತಕ್ಕುದಲ್ಲವೆಂಬ ಮಿತಿಯನ್ನು ಎಷ್ಟೋ ಹಳ್ಳಿಗಳ ಬಾವಿಗಳು ದಾಟಿದವು. ಮಕ್ಕಳ ಹಲ್ಲಿನ ಮೇಲೆ ಅದರ ಕಂದು ಗೆರೆ ಕಾಣುತ್ತದೆ.

ಇಂಥ ನೆಲಕ್ಕೆ 2018ರ ಜೂನ್ ತಿಂಗಳಲ್ಲಿ ಕೆ.ಸಿ. ವ್ಯಾಲಿ ಯೋಜನೆಯ ನೀರು ಬಂತು. ಕೋರಮಂಗಲ–ಚಲ್ಲಘಟ್ಟ ಕಣಿವೆಯ ಕೊಳಚೆಯನ್ನು ಎರಡನೆಯ ಹಂತದವರೆಗೆ ಶುದ್ಧೀಕರಿಸಿ, ದಿನಕ್ಕೆ 44 ಕೋಟಿ ಲೀಟರಿನಂತೆ 126 ಕೆರೆಗಳಿಗೆ ತುಂಬುವುದು ಅದರ ಗುರಿ. ಲೆಕ್ಕ ಹಾಕಿದರೆ ವರ್ಷಕ್ಕೆ ಐದೂವರೆ ಟಿಎಂಸಿಗಿಂತ ತುಸು ಹೆಚ್ಚು. ಎತ್ತಿನಹೊಳೆಯ 24ಕ್ಕೆ ಇದು ಸಮವಲ್ಲ. ಆದರೆ ಮಳೆ ಕೈಕೊಟ್ಟ ವರ್ಷವೂ ನಗರ ಸ್ನಾನ ಮಾಡುವುದನ್ನು ಬಿಡುವುದಿಲ್ಲವಾದ್ದರಿಂದ, ಈ ನೀರು ನಂಬಿಕೆಯ ನೀರು.

ಬಂದ ಮರುತಿಂಗಳೇ ಲಕ್ಷ್ಮೀಸಾಗರದಲ್ಲಿ ನೊರೆ ಎದ್ದಿತು. ಬೆಳ್ಳಂದೂರು ಕೆರೆ ನೊರೆಯುಗುಳಿ, 2017ರ ಫೆಬ್ರವರಿಯಲ್ಲೂ 2018ರ ಜನವರಿಯಲ್ಲೂ ಹೊತ್ತಿ ಉರಿದದ್ದನ್ನು ಕಂಡ ಜನ ಬೆಚ್ಚಿದರು. ಶಾಶ್ವತ ನೀರಾವರಿ ಹೋರಾಟ ಸಮಿತಿಯ ಆರ್. ಆಂಜನೇಯ ರೆಡ್ಡಿಯವರು ನ್ಯಾಯಾಲಯದ ಮೆಟ್ಟಿಲೇರಿದರು. ಹೈಕೋರ್ಟ್ ಜುಲೈಯಲ್ಲಿ ನೀರು ಹರಿಸುವುದಕ್ಕೆ ತಡೆ ನೀಡಿ ಸೆಪ್ಟೆಂಬರಿನಲ್ಲಿ ತೆರವುಗೊಳಿಸಿತು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಮತ್ತೆ ತಡೆಯಿತು. ಮುಂದೆ ಆ ತಡೆಯೂ ತೆರವಾಗಿ ನೀರು ಹರಿಯಿತು. ಸಮಿತಿಯ ಬೇಡಿಕೆ ಇಷ್ಟೇ ಆಗಿತ್ತು: ಮೂರನೆಯ ಹಂತದ ಶುದ್ಧೀಕರಣ ಮಾಡಿ ಕಳುಹಿಸಿ. ನೀರು ಬೇಡವೆಂದು ಅವರು ಹೇಳಿರಲಿಲ್ಲ. ಆದರೂ ಕೆರೆ ತುಂಬಿದ ಹಳ್ಳಿಗಳಲ್ಲಿ ಅವರನ್ನು ನೀರಿನ ವಿರೋಧಿಗಳೆಂದು ಜರೆದವರುಂಟು. ಬರದಲ್ಲಿ ಬೆಂದವನ ಮುಂದೆ ತುಂಬಿದ ಕೆರೆ ಇರುವಾಗ ನೈಟ್ರೇಟಿನ ಮಾತು ಯಾರ ಕಿವಿಗೂ ಹಿತವಾಗದು.

ಈ ಹಂತಗಳೆಂದರೇನು ಎಂಬುದನ್ನು ವಿದ್ಯಾರ್ಥಿಗಳು ಸ್ಪಷ್ಟವಾಗಿ ತಿಳಿಯಬೇಕು. ಮೊದಲನೆಯ ಹಂತದಲ್ಲಿ ಕಸ, ಮರಳು ಸೋಸಿ, ತಳಕ್ಕಿಳಿಯುವುದನ್ನು ಇಳಿಯಗೊಡುತ್ತಾರೆ. ಎರಡನೆಯದರಲ್ಲಿ ಗಾಳಿಯೂದಿ ಬ್ಯಾಕ್ಟೀರಿಯಾ ಬೆಳೆಸುತ್ತಾರೆ. ಅವು ಕೊಳೆಯನ್ನು ತಿಂದು ತಾವೇ ಕೆಸರಾಗಿ ತಳ ಸೇರುತ್ತವೆ. ಕೊಳೆಯ ಅಳತೆಗೋಲು ಬಿಒಡಿ, ಅಂದರೆ ನೀರಿನಲ್ಲಿರುವ ಕೊಳೆ ಕರಗಲು ಬೇಕಾದ ಆಮ್ಲಜನಕ. ಹಸಿ ಕೊಳಚೆಯಲ್ಲಿ ಅದು ಲೀಟರಿಗೆ ಇನ್ನೂರು ಮಿಲಿಗ್ರಾಂ ಮೀರುವುದುಂಟು. ಮಹಾನಗರಗಳ ಘಟಕದಿಂದ ಹೊರಬೀಳುವಾಗ ಅದು 20ಕ್ಕೆ ಇಳಿದಿರಬೇಕೆಂದು 2017ರಲ್ಲಿ ಕೇಂದ್ರ ಸರ್ಕಾರ ನಿಯಮ ಮಾಡಿತು. 10ಕ್ಕೆ ಇಳಿಯಬೇಕೆಂದು 2019ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಹೇಳಿತು. ಇದೆಲ್ಲವೂ ನಾರುವ ಕೊಳೆಯ ಲೆಕ್ಕ. ನೀರಿನಲ್ಲಿ ಕರಗಿರುವ ಸಾರಜನಕ, ರಂಜಕ, ಮಾರ್ಜಕದ ಅಂಶ, ಔಷಧಗಳ ಶೇಷ, ಕಾರ್ಖಾನೆಯಿಂದ ಕದ್ದು ಸೇರುವ ಲೋಹ, ರೋಗಾಣು: ಇವುಗಳಲ್ಲಿ ಬಹುಪಾಲು ಎರಡನೆಯ ಹಂತದಲ್ಲಿ ಪೂರ್ತಿ ನೀಗುವುದಿಲ್ಲ. ಅದಕ್ಕೇ ಮೂರನೆಯ ಹಂತ.

ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಆರೆಂಜ್ ಕೌಂಟಿ ಎಂಬಲ್ಲಿ 1970ರ ದಶಕದಿಂದಲೇ ಬಳಸಿದ ನೀರನ್ನು ಅಂತರ್ಜಲಕ್ಕೆ ಸೇರಿಸುತ್ತಿದ್ದಾರೆ. 2008ರಲ್ಲಿ ಆರಂಭವಾದ ಅಲ್ಲಿಯ ಹೊಸ ವ್ಯವಸ್ಥೆಯಲ್ಲಿ ಎರಡನೆಯ ಹಂತ ಮುಗಿಸಿ ಬಂದ ನೀರು ಸೂಕ್ಷ್ಮ ಸೋಸುಗ, ಒತ್ತಡದ ಪೊರೆ, ನೇರಳಾತೀತ ಬೆಳಕು ಈ ಮೂರನ್ನೂ ದಾಟಿಯೇ ಭೂಮಿಗಿಳಿಯುತ್ತದೆ. ಕೋಲಾರದಲ್ಲಿ ಇವು ಮೂರೂ ಇಲ್ಲ. ಎರಡನೆಯ ಹಂತಕ್ಕೂ ಕೊಳವೆಬಾವಿಗೂ ನಡುವೆ ಇರುವುದು ಕೆರೆ ಮತ್ತು ಮಣ್ಣು. ಅಂದರೆ, ಯಾರೂ ಬಾಯಿಬಿಟ್ಟು ಹೇಳದಿದ್ದರೂ, ಮೂರನೆಯ ಹಂತದ ಶುದ್ಧೀಕರಣ ಘಟಕದ ಕೆಲಸವನ್ನು ಲಕ್ಷ್ಮೀಸಾಗರ ಮತ್ತು ಅದರ ಕೆಳಗಿನ ಕೆರೆಗಳಿಗೆ ಒಪ್ಪಿಸಲಾಗಿದೆ. ಈ ಕೆರೆಗಳು ಆ ಕೆಲಸಕ್ಕೆ ಅನರ್ಹವೆಂದು ಯಾರೂ ತೀರ್ಮಾನಿಸಬೇಕಿಲ್ಲ. ಆದರೆ ಕೆಲಸಕ್ಕೆ ಹಚ್ಚಿದವರು ಅದರ ಬೇಕುಬೇಡಗಳನ್ನು ನೋಡಿಕೊಳ್ಳಬೇಕಲ್ಲವೆ?

ಕೆರೆ ನಿಜಕ್ಕೂ ನೀರನ್ನು ತೊಳೆಯುತ್ತದೆ. ತೆಳುವಾಗಿ ಹರಡಿ ನಿಂತ ನೀರಿನಲ್ಲಿ ಬಿಸಿಲು ರೋಗಾಣುಗಳನ್ನು ಕೊಲ್ಲುತ್ತದೆ. ಪಾಚಿ ಹಗಲಿಡೀ ಆಮ್ಲಜನಕ ಬಿಡುತ್ತದೆ. ತಳದ ಕೆಸರಿನಲ್ಲಿ, ಗಾಳಿಯೇ ಇಲ್ಲದ ಕತ್ತಲಲ್ಲಿ, ಬೇರೊಂದು ಜಾತಿಯ ಬ್ಯಾಕ್ಟೀರಿಯಾ ನೈಟ್ರೇಟನ್ನು ಒಡೆದು ಸಾರಜನಕವನ್ನು ಗಾಳಿಗೆ ಹಿಂತಿರುಗಿಸುತ್ತದೆ. ಕೊಲ್ಕತ್ತದ ಪೂರ್ವಕ್ಕೆ ಸುಮಾರು ಹನ್ನೆರಡೂವರೆ ಸಾವಿರ ಹೆಕ್ಟೇರು ಹರಡಿರುವ ಜೌಗುಭೂಮಿಯಲ್ಲಿ ಮೀನುಗಾರರು ನಗರದ ಕೊಳಚೆಯನ್ನು ಆಳವಿಲ್ಲದ ಕೊಳಗಳಲ್ಲಿ ಬಿಸಿಲಿಗೊಡ್ಡಿ ಮೀನು ಬೆಳೆಯುತ್ತಾರೆ. ಧ್ರುವಜ್ಯೋತಿ ಘೋಷ್ ಎಂಬ ಎಂಜಿನಿಯರು ಜೀವಮಾನವಿಡೀ ಅದರ ಮಹತ್ವವನ್ನು ಲೋಕಕ್ಕೆ ತಿಳಿಸಿದರು. 2002ರಲ್ಲಿ ಅದು ರಾಮ್ಸರ್ ಪಟ್ಟಿ ಸೇರಿತು. ಅಲ್ಲಿ ಗುಟ್ಟಿರುವುದು ಮೀನುಗಾರನ ಕಣ್ಣಿನಲ್ಲಿ. ಎಷ್ಟು ನೀರು, ಎಷ್ಟು ದಿನ, ಯಾವ ಬಣ್ಣಕ್ಕೆ ತಿರುಗಿದಾಗ ಒಳಹರಿವು ನಿಲ್ಲಿಸಬೇಕೆಂಬುದನ್ನು ಆತ ದಿನವೂ ನೋಡುತ್ತಾನೆ. ಕೋಲಾರದ ನೀರುಗಂಟಿಗೆ ಅಂಥದೇ ಕಣ್ಣಿತ್ತು. ಈಗ ಕೊಳವೆಯ ತುದಿಯಲ್ಲಿ ಆ ಕಣ್ಣಿಲ್ಲ.

ಇನ್ನು ಮಣ್ಣು. ಮಣ್ಣು ರಂಜಕವನ್ನು ಹಿಡಿದಿಡುತ್ತದೆ, ಬ್ಯಾಕ್ಟೀರಿಯಾವನ್ನು ಸೋಸುತ್ತದೆ. ನೈಟ್ರೇಟನ್ನು ಹಿಡಿಯದು, ಅದು ನೀರಿನ ಜೊತೆಗೇ ಜಾರುತ್ತದೆ. ಕೋಲಾರದ್ದು ತೆಳು ಮಣ್ಣು, ಅದರಡಿ ಸೀಳುಬಿಟ್ಟ ಕಲ್ಲು. ಸೀಳಿಗೆ ಬಿದ್ದ ನೀರಿಗೆ ಸೋಸುವವರಿಲ್ಲ. ಕುಡಿಯುವ ನೀರಿನಲ್ಲಿ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ಮೀರಬಾರದೆಂಬುದು ಭಾರತೀಯ ಮಾನಕ. ಮೀರಿದರೆ ಹಾಲುಗೂಸುಗಳ ರಕ್ತ ಆಮ್ಲಜನಕವನ್ನು ಹೊರಲಾರದೆ ಮೈ ನೀಲಿಗಟ್ಟುವ ಅಪಾಯವಿದೆ. ಕುದಿಸಿದರೆ ಇದು ಹೋಗುವುದಿಲ್ಲ. ನೀರು ಆವಿಯಾಗಿ ಉಳಿದುದರಲ್ಲಿ ಇನ್ನಷ್ಟು ಗಟ್ಟಿಯಾಗುತ್ತದೆ. ಕುದಿಸಿದ ನೀರು ಕೂಸಿಗೆ ಕ್ಷೇಮವೆಂದು ನಂಬಿರುವ ತಾಯಂದಿರಿಗೆ ಈ ಒಂದು ಮಾತನ್ನಾದರೂ ಆರೋಗ್ಯ ಕಾರ್ಯಕರ್ತೆಯರು ಮುಟ್ಟಿಸಬೇಕು.

ಇನ್ನೊಂದು ಸಂಗತಿ ಬೇಸಿಗೆಯಲ್ಲಿ ಕಾಣುವಂಥದು. ಕೆರೆಗೋಡನ್ನು ಗಾಡಿಯಲ್ಲಿ ಹೇರಿ ರಾಗಿ ಹೊಲಕ್ಕೆ ಹಾಕುವುದು ಈ ಸೀಮೆಯ ಹಳೆಯ ಪದ್ಧತಿ, ಒಳ್ಳೆಯ ಪದ್ಧತಿ. 2002ರಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ಜಲ ಸಂವರ್ಧನೆ ಯೋಜನೆ ಕೆರೆ ಬಳಕೆದಾರರ ಸಂಘಗಳನ್ನು ಕಟ್ಟಿ ಹೂಳೆತ್ತಿಸಿದಾಗಲೂ ಗೋಡು ಹೊಲಗಳಿಗೇ ಹೋಯಿತು. ಆದರೆ ನಗರದ ನೀರು ಬಿದ್ದ ಕೆರೆಯಲ್ಲಿ ಲೋಹದ ಕಣಗಳಿದ್ದರೆ ಅವು ತಂಗುವುದು ಗೋಡಿನಲ್ಲೇ, ಅದರಲ್ಲೂ ನೀರು ಮೊದಲು ಬೀಳುವ ಬಾಯಿಯ ಬಳಿ. ಪರೀಕ್ಷೆ ಮಾಡಿಸದೆ ಆ ಗೋಡನ್ನು ಹೊಲಕ್ಕೆ ಹೇರಿದರೆ, ಕೆರೆ ಹಿಡಿದಿಟ್ಟದ್ದನ್ನು ರೈತನೇ ಬಿಡಿಸಿ ಬೆಳೆಗೆ ಉಣಿಸಿದಂತೆ.

ಹಾಗಾದರೆ ಈ ನೀರಿನಿಂದ ಕೇಡೇ ಆಯಿತೆ? ಇಲ್ಲ. ಕೆರೆ ತುಂಬಿದ ಕಡೆ ಬತ್ತಿದ ಕೊಳವೆಬಾವಿಗಳಿಗೆ ನೀರು ಬಂದಿತು. ಟೊಮೆಟೊ, ಹಿಪ್ಪುನೇರಳೆ, ಹಸುವಿನ ಮೇವು ಮತ್ತೆ ಹಸಿರಾದವು. ಹಾಲು, ರೇಷ್ಮೆಗಳನ್ನೇ ನಂಬಿದ ಜಿಲ್ಲೆಗೆ ಅದು ಸಣ್ಣ ಸಂಗತಿಯಲ್ಲ. ಅಂತರ್ಜಲದ ಏರಿಕೆಗೆ 2021ರ ಹಿಂಗಾರಿನ ಅಸಾಧಾರಣ ಮಳೆಯೂ ಕಾರಣ. ಕೀರ್ತಿಯನ್ನೆಲ್ಲ ಕೊಳವೆಗೇ ಕಟ್ಟುವುದು ಸರಿಯಲ್ಲ. ಕೆರೆಯಿಂದಾಗಲಿ ಕಾಲುವೆಯಿಂದಾಗಲಿ ನೇರವಾಗಿ ಪಂಪಿಟ್ಟು ಎತ್ತಬಾರದು, ನೆಲಕ್ಕಿಂಗಿ ಬಂದುದನ್ನೇ ಬಳಸಬೇಕೆಂಬುದು ಯೋಜನೆಯ ಷರತ್ತು. ರಾತ್ರಿ ಹೊತ್ತು ಕಾಲುವೆಗೆ ಪಂಪು ಇಳಿಸಿದವರೂ, ಅವುಗಳನ್ನು ವಶಪಡಿಸಿಕೊಂಡ ಅಧಿಕಾರಿಗಳೂ ಸುದ್ದಿಯಾದರು. ಆ ಷರತ್ತಿನ ಅರ್ಥ ಮೇಲಿನ ಕೆರೆಯವನು ಕೆಳಗಿನವನ ಪಾಲು ಕದಿಯಬಾರದೆಂಬುದಷ್ಟೇ ಅಲ್ಲ. ಮಣ್ಣಿನ ಸೋಸುಗವನ್ನು ದಾಟದ ನೀರು ಸೊಪ್ಪು ತರಕಾರಿಯ ಮೇಲೆ ಬೀಳಬಾರದೆಂಬುದೂ ಹೌದು. ಬಳಸಿದ ನೀರಿನ ಬೇಸಾಯಕ್ಕೆ ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಪ್ರಕಟಿಸಿದ ಮಾರ್ಗಸೂಚಿ ಹೇಳುವುದೂ ಅದನ್ನೇ: ಒಂದೇ ತಡೆಯ ಮೇಲೆ ಭಾರ ಹಾಕದೆ, ಘಟಕದಿಂದ ಊಟದ ತಟ್ಟೆಯವರೆಗೆ ಹಲವು ತಡೆಗಳನ್ನು ಇಡಬೇಕು.

ನಗರದ ಕೊಳಚೆಯನ್ನು ಇಷ್ಟು ಎಣಿಸಿದ ಮೇಲೆ ಹಳ್ಳಿಯ ಕೊಳಚೆಯನ್ನು ಎಣಿಸದಿರುವುದು ನ್ಯಾಯವಲ್ಲ. ಅದೇ ಕೆರೆಗೆ ಊರಿನ ಚರಂಡಿಯೂ ಬೀಳುತ್ತದೆ, ಯಾವ ಹಂತದ ಶುದ್ಧೀಕರಣವೂ ಇಲ್ಲದೆ. ನಗರದ ನೀರಿನ ನೊರೆ ನೋಡಿ ಮೂಗು ಮುಚ್ಚಿಕೊಂಡವರ ಮನೆಯ ಬಚ್ಚಲಿನ ನೊರೆ ಅದೇ ಏರಿಯ ಇನ್ನೊಂದು ಮೂಲೆಯಲ್ಲಿ ಇಳಿಯುತ್ತಿರುತ್ತದೆ. ಮನೆಮನೆಗೆ ನಲ್ಲಿ ಎಂಬ ಜಲಜೀವನ ಯೋಜನೆ 2019ರಲ್ಲಿ ಆರಂಭವಾದಾಗ ತಲಾ ದಿನಕ್ಕೆ 55 ಲೀಟರ್ ನೀರೆಂದು ನಿಗದಿಯಾಯಿತು. ಸಾವಿರ ಜನರ ಹಳ್ಳಿಗೆ 55 ಸಾವಿರ ಲೀಟರ್. ಎಂಜಿನಿಯರುಗಳ ರೂಢಿಯ ಲೆಕ್ಕದಂತೆ ಅದರಲ್ಲಿ ನೂರಕ್ಕೆ ಎಂಬತ್ತು ಪಾಲು ಬಳಸಿದ ನೀರಾಗಿ ಹೊರಬರುತ್ತದೆ: 44 ಸಾವಿರ ಲೀಟರ್. ಕೆ.ಸಿ. ವ್ಯಾಲಿಯ ದಿನದ ನೀರು ಇದರ ಹತ್ತು ಸಾವಿರ ಪಟ್ಟು. ಆ ಹತ್ತು ಸಾವಿರ ಪಾಲಿನ ಮೇಲೆ ಹಳ್ಳಿಗೆ ಅಧಿಕಾರವಿಲ್ಲ. ಈ ಒಂದು ಪಾಲಿನ ಮೇಲೆ ಪೂರ್ಣ ಅಧಿಕಾರವಿದೆ. ನೀರು ತಲೆಯ ಮೇಲೆ ಹೊತ್ತು ಬರುತ್ತಿದ್ದ ಕಾಲದಲ್ಲಿ ಬಚ್ಚಲ ನೀರು ಹಿತ್ತಿಲಿನ ಬಾಳೆಬುಡ, ಕೆಸುವಿನ ಮಡಿಗಳಲ್ಲೇ ಮುಗಿಯುತ್ತಿತ್ತು. ನಲ್ಲಿ ಬಂತು, ಕಾಂಕ್ರೀಟ್ ಚರಂಡಿ ಬಂತು, ಹಿತ್ತಿಲು ಹೋಯಿತು.

ಉದ್ಯೋಗ ಖಾತರಿ ಯೋಜನೆಯಲ್ಲಿ 'ಬಚ್ಚಲು ಗುಂಡಿ' ಎಂಬ ಹೆಸರಿನಲ್ಲಿಯೇ ಮನೆಗೊಂದರಂತೆ ಇಂಗುಗುಂಡಿಗಳನ್ನು ಕಟ್ಟಲಾಯಿತು. ಹೆಸರು ಚೆನ್ನಾಗಿದೆ, ಕೆಲಸವೂ ಚೆನ್ನಾಗಿದೆ. ಆದರೆ ಜಿಡ್ಡು ತಡೆಯುವ ಸಣ್ಣ ತೊಟ್ಟಿಯಿಲ್ಲದೆ ನೇರವಾಗಿ ಅಡುಗೆಮನೆಯ ನೀರನ್ನು ಗುಂಡಿಗೆ ಬಿಟ್ಟರೆ ಕಲ್ಲಿನ ಸಂದು ಕಟ್ಟಿಕೊಂಡು ಗುಂಡಿ ಸೊಳ್ಳೆಯ ತೊಟ್ಟಿಲಾಗುತ್ತದೆ. ತೊಟ್ಟಿಯ ಜಿಡ್ಡನ್ನು ಆಗಾಗ ಬಳಿದು ತೆಗೆಯಬೇಕು. ಇದಕ್ಕೆ ಯಂತ್ರ ಬೇಡ, ವಾರಕ್ಕೆ ಹತ್ತು ನಿಮಿಷ ಸಾಕು. ಆ ಹತ್ತು ನಿಮಿಷ ಮನೆಯ ಹೆಣ್ಣುಮಗಳ ಪಾಲಿಗೇ ಬೀಳುತ್ತದೆಂಬುದನ್ನೂ ಹೇಳಿಬಿಡಬೇಕು. ಗುಂಡಿ ತೋಡಿದ ಗಂಡಸರು ಇದನ್ನೂ ಮಾಡಬಹುದು. ಶೌಚಾಲಯದ ನೀರನ್ನು ಇದರೊಡನೆ ಎಂದೂ ಬೆರೆಸಬಾರದು. ಅದಕ್ಕೆ ಜೋಡಿ ಗುಂಡಿ ಬೇರೆ: ಒಂದು ತುಂಬಿದಾಗ ಮುಚ್ಚಿ ಇನ್ನೊಂದಕ್ಕೆ ತಿರುಗಿಸಿದರೆ, ಒಂದೆರಡು ವರ್ಷದಲ್ಲಿ ಮೊದಲನೆಯದು ವಾಸನೆಯಿಲ್ಲದ ಗೊಬ್ಬರವಾಗುತ್ತದೆ. ಹಸಿ ಗುಂಡಿಗೆ ಮನುಷ್ಯರನ್ನು ಇಳಿಸುವುದು 2013ರ ಕಾಯಿದೆಯಂತೆ ಅಪರಾಧ. ಕಾಯಿದೆ ಇಲ್ಲದಿದ್ದರೂ ಅದು ಅಮಾನುಷವೇ.

ಗುಂಡಿಗೆ ಜಾಗವಿಲ್ಲದ ಒತ್ತೊತ್ತು ಕೇರಿಗಳಲ್ಲಿ ಚರಂಡಿಯ ತುದಿಯಲ್ಲೇ ಕೆಲಸ ಮಾಡಬೇಕಾಗುತ್ತದೆ. ಮೊದಲು ಹೂಳು ತಂಗುವ ತೊಟ್ಟಿ, ಅನಂತರ ಜಲ್ಲಿ ತುಂಬಿ ಜೊಂಡು ನೆಟ್ಟ ಹಾಸು, ಕೊನೆಗೆ ಬಿಸಿಲು ಬೀಳುವ ಕೊಳ. ಸಾವಿರ ಜನರ ಹಳ್ಳಿಯ ನೀರು ಕೊಳದಲ್ಲಿ ಒಂದು ವಾರ ನಿಲ್ಲಬೇಕೆಂದರೆ ಇಪ್ಪತ್ತು ಮೀಟರ್ ಉದ್ದ, ಹದಿನೈದು ಮೀಟರ್ ಅಗಲ, ಒಂದು ಮೀಟರ್ ಆಳ ಸಾಕು. ಅಂದರೆ ಏಳೆಂಟು ಗುಂಟೆಯೊಳಗೆ ಎಲ್ಲವೂ ಮುಗಿಯುತ್ತದೆ. ದೇವನಹಳ್ಳಿಯಲ್ಲಿ 2015ರಿಂದ ಪಟ್ಟಣದ ಶೌಚಗುಂಡಿಗಳ ಕೆಸರನ್ನು ಒಣಗಿಸಿ ಗೊಬ್ಬರ ಮಾಡುವ ಘಟಕವನ್ನು ನಡೆಸಿದ್ದಾರೆ. ಅಲ್ಲಿಯೂ ಜೊಂಡಿನ ಹಾಸು, ಇಳಿಜಾರು, ಬಿಸಿಲುಗಳದೇ ಹೆಚ್ಚಿನ ದುಡಿಮೆ. ಕರೆಂಟು ಹೋದರೆ ನಿಂತುಹೋಗುವ ಘಟಕ ಹಳ್ಳಿಗೆ ಒಗ್ಗದು.

ಕೋಲಾರಕ್ಕೆ ಹೊಂದುವುದು ಮಲೆನಾಡಿಗೆ ಹಾಗೆಯೇ ಹೊಂದುವುದಿಲ್ಲವೆಂಬುದನ್ನು ಇಲ್ಲಿಯ ಕೇಳುಗರು ನೆನಪಿಡಬೇಕು. ಬಯಲಿನಲ್ಲಿ ನೀರು ಇಂಗಲಿ ಎಂಬುದೇ ಗುರಿ. ಘಟ್ಟದ ಜಂಬಿಟ್ಟಿಗೆ ನೆಲದಲ್ಲಿ ಮಳೆಗಾಲದ ನಾಲ್ಕು ತಿಂಗಳು ನೀರು ಅಂಗಳದ ಮಟ್ಟಕ್ಕೇ ಏರಿರುತ್ತದೆ. ಆಗ ಇಂಗುಗುಂಡಿಯ ನೀರು ಇಳಿಯಲು ಎಡೆಯಿಲ್ಲದೆ ಪಕ್ಕಕ್ಕೆ ಹರಿದು ಕೆಳಮನೆಯ ಬಾವಿಯನ್ನು ಸೇರುತ್ತದೆ. ಇಲ್ಲಿ ಗುಂಡಿ ಬಾವಿಗಿಂತ ಇಳಿಜಾರಿನ ಕೆಳಗಿರಬೇಕು, ಆಳ ಕಡಿಮೆಯಿರಬೇಕು, ಜೊಂಡಿನ ಹಾಸು ಮತ್ತು ಬಾಳೆತೋಟವೇ ಮುಖ್ಯವಾಗಬೇಕು. ಕಾಫಿ ಪಲ್ಪಿಂಗಿನ ದಿನಗಳಲ್ಲಿ ಹಳ್ಳಕ್ಕೆ ಬಿಡುವ ನೀರಿನ ಬಿಒಡಿ ನಗರದ ಹಸಿ ಕೊಳಚೆಯದಕ್ಕಿಂತ ಹತ್ತಾರು ಪಟ್ಟು ಇರುತ್ತದೆ. ಬೆಂಗಳೂರನ್ನು ದೂರುವ ಮುನ್ನ ಈ ಲೆಕ್ಕವನ್ನೂ ಎದುರಿಗಿಟ್ಟುಕೊಳ್ಳುವುದು ಒಳಿತು.

ಕೊನೆಯದಾಗಿ ಪರೀಕ್ಷೆಯ ಮಾತು. ಜಲಜೀವನ ಯೋಜನೆಯಲ್ಲಿ ಹಳ್ಳಿಗಳಿಗೆ ನೀರು ಪರೀಕ್ಷೆಯ ಪೆಟ್ಟಿಗೆ ನೀಡಿ, ಹಳ್ಳಿಗೆ ಐವರು ಮಹಿಳೆಯರಿಗೆ ತರಬೇತಿ ಕೊಡುವ ಏರ್ಪಾಡಿದೆ. ಆ ಪೆಟ್ಟಿಗೆಯಿಂದ ನೈಟ್ರೇಟ್, ಫ್ಲೋರೈಡ್, ಬ್ಯಾಕ್ಟೀರಿಯಾಗಳ ಸುಳಿವು ಸಿಗುತ್ತದೆ. ಲೋಹಗಳದು ಸಿಗದು, ಅದಕ್ಕೆ ಪ್ರಯೋಗಾಲಯವೇ ಬೇಕು. ಕೆರೆಗೆ ನೀರು ಬೀಳುವ ಬಾಯಿ, ಕೋಡಿ, ಏರಿಯ ಕೆಳಗಿನ ಒಂದು ಕೊಳವೆಬಾವಿ, ಊರ ಚರಂಡಿಯ ತುದಿ: ಈ ನಾಲ್ಕು ಕಡೆಯ ನೀರನ್ನು ಮುಂಗಾರಿಗೆ ಮುನ್ನ ಒಮ್ಮೆ, ಹಿಂಗಾರು ಮುಗಿದ ಮೇಲೆ ಒಮ್ಮೆ ನೋಡಿ, ಬಂದ ಅಂಕಿಗಳನ್ನು ಪಂಚಾಯಿತಿಯ ಗೋಡೆಯ ಮೇಲೆ ಬರೆಯಬಹುದು. ಬೆಂಗಳೂರಿಗೆ ಕಾವೇರಿಯ ಐದನೆಯ ಹಂತದ ನೀರು 2024ರ ಅಕ್ಟೋಬರಿನಲ್ಲಿ ಬಂದಿತು, ದಿನಕ್ಕೆ ಇನ್ನೂ 77.5 ಕೋಟಿ ಲೀಟರ್. ಅದು ಬಳಕೆಯಾಗಿ ಹೊರಬಂದಾಗ ಅದರ ಒಂದು ಪಾಲನ್ನೂ ಪೂರ್ವದ ಕೆರೆಗಳತ್ತ ಕಳುಹಿಸುವ ಮಾತು ಬಂದರೆ, ಗ್ರಾಮಸಭೆಯಲ್ಲಿ ಏಳುವವರ ಕೈಯಲ್ಲಿ ಹಿಂದಿನ ವರ್ಷಗಳ ಆ ಅಂಕಿಗಳಿರಬೇಕು.